ಮೊದಲ ಪ್ರೇಮ ಕಾದಂಬರಿಗೆ ಯಾವ ಟ್ರೋಪ್ ಹಿಡಿಯುವುದು?

"ಎನಿಮೀಸ್ ಟು ಲವರ್ಸ್ ಬರೀಲಾ, ಕಾಂಟ್ರಾಕ್ಟ್ ಮ್ಯಾರೇಜ್ ಬರೀಲಾ? ಸೆಕೆಂಡ್ ಚಾನ್ಸ್ ಅಂದ್ರೆ ನಂಗೆ ಪ್ರಾಣ, ಆದ್ರೆ ಅದನ್ನ ಅಷ್ಟು ದೂರ ಎಳೆಯೋಕಾಗುತ್ತಾ?" ಪ್ರೇಮ ಕಾದಂಬರಿಗಳನ್ನು ವರ್ಷಗಟ್ಟಲೆ ಓದಿ, ಈಗ ತಾವೇ ಒಂದು ಬರೆಯಲು ಕೂತವರು ಹೆಚ್ಚಾಗಿ ಕೇಳುವುದು ಇದನ್ನೇ. ಟ್ರೋಪ್, ಅಂದರೆ ಮತ್ತೆಮತ್ತೆ ಬರುವ ಕಥಾಸೂತ್ರ, ಬರೀ ಸವೆದ ಅಚ್ಚು, ಅದನ್ನು ಆರಿಸುವುದರಲ್ಲಿ ಏನಿದೆ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಕಲ್ಯಾಣಿ ಹಾಡುತ್ತಾರಂತೆ ಎಂದು ಕಛೇರಿಗೆ ಬಂದು ಕೂರುವವರಿಗೆ ರಾಗ ಗೊತ್ತಿರುತ್ತದೆ. ಇವತ್ತು ಇವರು ಅದನ್ನು ಹೇಗೆ ಬೆಳೆಸುತ್ತಾರೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಟ್ರೋಪ್ ಹುಡುಕಿಕೊಂಡು ಬರುವ ಓದುಗರೂ ಹಾಗೆಯೇ. ಕನಸಿನಲ್ಲಿ ಕಂಡವಳನ್ನು ಅರಸಿ ಹೊರಡುವ ರಾಜಕುಮಾರ 12ನೇ ಶತಮಾನದ ನೇಮಿಚಂದ್ರನ 'ಲೀಲಾವತಿ ಪ್ರಬಂಧ'ದಲ್ಲಿ ಇದ್ದಾನೆ. ಅದಕ್ಕೂ ಶತಮಾನಗಳ ಮೊದಲು ಸುಬಂಧುವಿನ ಸಂಸ್ಕೃತ 'ವಾಸವದತ್ತಾ'ದಲ್ಲೂ ಇದ್ದ. ಸೂತ್ರ ಹಳೆಯದೆಂದು ಯಾರೂ ಪುಸ್ತಕ ಮುಚ್ಚಿಡಲಿಲ್ಲ.

ಆಯ್ಕೆಗೆ ಇಳಿಯುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ: ನೀವು ಬರೆಯಹೊರಟಿರುವುದು ರೊಮ್ಯಾನ್ಸೋ, ಪ್ರೇಮವಿರುವ ಇನ್ನೊಂದು ಕಥೆಯೋ? 1980ರಲ್ಲಿ ಹುಟ್ಟಿದ ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಎರಡೇ ಷರತ್ತು ಇಟ್ಟಿತ್ತು. ಪ್ರೇಮಕಥೆಯೇ ಕೃತಿಯ ಕೇಂದ್ರವಾಗಿರಬೇಕು. ಕೊನೆ ಮನಸ್ಸಿಗೆ ತೃಪ್ತಿ ಕೊಡುವ, ಭರವಸೆಯ ಕೊನೆಯಾಗಿರಬೇಕು. ಓದುಗರು ಎಚ್‌ಇಎ (ಹ್ಯಾಪಿಲಿ ಎವರ್ ಆಫ್ಟರ್) ಎಂದು ಚುಟುಕಾಗಿ ಕರೆಯುವುದು ಇದನ್ನೇ. ಕನ್ನಡದ ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ ಬಂದ ಎಷ್ಟೋ ಒಳ್ಳೆಯ ಕಾದಂಬರಿಗಳು ಎರಡನೆಯ ಷರತ್ತನ್ನು ಮುರಿದಿವೆ, ಅದರಿಂದ ಅವುಗಳ ಘನತೆಗೆ ಕುಂದಿಲ್ಲ. ಆದರೆ ರೊಮ್ಯಾನ್ಸ್ ಎಂದು ಹೇಳಿ ಕೊಟ್ಟು, ಕೊನೆಯ ಭಾಗದಲ್ಲಿ ನಾಯಕನನ್ನು ಲಾರಿಗೆ ಸಿಕ್ಕಿಸಿದರೆ ಓದುಗರಿಗೆ ಮೋಸವಾಗುತ್ತದೆ. ಅವರು ಅಷ್ಟು ದೂರ ಅತ್ತು ಬಂದದ್ದು ನಿಮ್ಮ ಮಾತಿನ ಮೇಲಿನ ನಂಬಿಕೆಯಿಂದ.

ಯಾವುದರಿಂದ ಅಳೆಯುವುದು

ನಾನು ನಾಲ್ಕು ಅಳತೆಗೋಲು ಇಟ್ಟುಕೊಳ್ಳುತ್ತೇನೆ.

ಮೊದಲನೆಯದು ಗಂಟು. ಇಬ್ಬರನ್ನೂ ದೂರ ಇಟ್ಟಿರುವುದು ಏನು? ಇದನ್ನು ಪರೀಕ್ಷಿಸಲು ಸುಲಭದ ದಾರಿ: ನಾಯಕ ನಾಯಕಿ ಇವತ್ತೇ ಒಂದು ದರ್ಶಿನಿಯಲ್ಲಿ ನಿಂತು ಹತ್ತು ನಿಮಿಷ ಮನಸ್ಸು ಬಿಚ್ಚಿ ಮಾತಾಡಿದರು ಎಂದುಕೊಳ್ಳಿ. ಅಲ್ಲಿಗೇ ಕಥೆ ಮುಗಿಯುತ್ತದಾ? ಮುಗಿಯುವುದಾದರೆ ಗಂಟು ಸಡಿಲ. ಅವಳನ್ನು ಯಾರ ಜೊತೆಗೋ ನೋಡಿ ತಪ್ಪು ತಿಳಿದದ್ದು, ಬಾರದೆ ಹೋದ ಒಂದು ಮೆಸೇಜು, ಅರ್ಧ ಕೇಳಿಸಿಕೊಂಡ ಒಂದು ಮಾತು, ಇವೆಲ್ಲ ಒಂದು ಭಾಗಕ್ಕೆ ಸಾಕು, ಕಾದಂಬರಿಗೆ ಸಾಲದು.

ಎರಡನೆಯದು ನಡು. ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಮುಖ್ಯವಾದದ್ದು ಇದೇ. ಟ್ರೋಪ್ ಆರಿಸುವಾಗ ನಮ್ಮ ತಲೆಯಲ್ಲಿ ಓಡುವುದು ಮೊದಲ ಭೇಟಿ ಮತ್ತು ಕೊನೆಯ ಅಪ್ಪುಗೆ. 200 ಪುಟದ ಕಾದಂಬರಿಯಲ್ಲಿ ಭೇಟಿ, ಪರಿಚಯ ಮೊದಲ 40 ಪುಟ. ಜಗಳ, ವಿರಹ, ಮಿಲನ ಕೊನೆಯ 30. ಉಳಿದ 130 ಪುಟಗಳಲ್ಲಿ ವಾರವಾರವೂ ಏನು ನಡೆಯುತ್ತದೆ? ನಿಮಗೆ ಯಾವ ಟ್ರೋಪಿನ ನಡು ಬರೆಯಲು ಬರುತ್ತದೋ ಅದೇ ನಿಮ್ಮ ಟ್ರೋಪ್. ಓದಲು ಅತಿ ಇಷ್ಟವಾದದ್ದು ಬೇರೆಯೇ ಇರಬಹುದು, ಅದರಲ್ಲಿ ತಪ್ಪೇನಿಲ್ಲ.

ಮೂರನೆಯದು ಮನೆ. ಇಂಗ್ಲಿಷ್ ರೊಮ್ಯಾನ್ಸಿನ ನಾಯಕಿ ಒಬ್ಬಳೇ ಅಪಾರ್ಟ್‌ಮೆಂಟಿನಲ್ಲಿರುತ್ತಾಳೆ, ಬಾಗಿಲು ತಟ್ಟಿದರೆ ತೆಗೆಯುವವಳು ಅವಳೇ. ನಮ್ಮ ನಾಯಕಿಯ ಬಾಗಿಲು ತೆಗೆಯುವುದು ಅಮ್ಮ, ಎದುರುಮನೆಯ ಆಂಟಿ, ಪೀಜಿಯ ಓನರ್. ಈ ಕಣ್ಣುಗಳ ನಡುವೆ ಇಬ್ಬರು ಎಲ್ಲಿ ಸಿಗುತ್ತಾರೆ, ಎಷ್ಟು ಹೊತ್ತು ಸಿಗುತ್ತಾರೆ ಎನ್ನುವುದನ್ನು ಆಯಾ ಟ್ರೋಪೇ ಒದಗಿಸಬೇಕು.

ನಾಲ್ಕನೆಯದು ನಿಮ್ಮ ಬಜೆಟ್: ವಾರಕ್ಕೆ ಎಷ್ಟು ಗಂಟೆ, ಎಷ್ಟು ಉದ್ದ, ಎಷ್ಟು ತಿಳಿದುಕೊಳ್ಳಬೇಕು. 1908ರಿಂದ ನಡೆಯುತ್ತಿರುವ ಮಿಲ್ಸ್ ಅಂಡ್ ಬೂನ್ ಸಾಲಿನ ಚಿಕ್ಕ ಕಾದಂಬರಿಗಳು ಸುಮಾರು 50,000 ಪದಗಳವು. ನಮ್ಮಲ್ಲಿ ವಿಭಕ್ತಿ, ಸಂಧಿ, ಸಮಾಸ ಎಲ್ಲ ಒಂದೇ ಪದದೊಳಗೆ ಕೂರುವುದರಿಂದ ಅಷ್ಟೇ ಕಥೆ ಕನ್ನಡದಲ್ಲಿ ಇನ್ನೂ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಆ ಅಂಕಿ ನೋಡಿ ಹೆದರಬೇಡಿ. ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಭಾಗಭಾಗವಾಗಿ ಬರೆಯುವುದಾದರೆ ಲೆಕ್ಕವೇ ಬೇರೆ. ಅಲ್ಲಿ ಒಟ್ಟು ಉದ್ದಕ್ಕಿಂತ, ಪ್ರತಿ ಭಾಗದ ಕೊನೆಗೆ "ಮುಂದೇನು" ಎನ್ನಿಸುವ ಒಂದು ಎಳೆ ಉಳಿಯಬೇಕು.

ಹೋಲಿಸುವುದಕ್ಕೆ ಒಂದೇ ಜೋಡಿಯನ್ನು ಎಲ್ಲ ಟ್ರೋಪುಗಳಲ್ಲೂ ಇಟ್ಟು ನೋಡೋಣ. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘ. ರಘು ಅದರ ಕಾರ್ಯದರ್ಶಿ. ಜಾಹ್ನವಿ ಲೆಕ್ಕ ಪರಿಶೋಧನೆಗೆ ಬಂದವಳು.

ಜಗಳದಿಂದ ಪ್ರೀತಿ

ಎಲ್ಲರಿಗೂ ಇಷ್ಟ, ಎಲ್ಲರೂ ಮೊದಲು ಕೈಹಾಕುವುದು ಇದಕ್ಕೇ. ಶಕ್ತಿ ಇರುವುದು ಸಂಭಾಷಣೆಯಲ್ಲಿ. ಮಾತಿಗೆ ಮಾತು ಕೊಡುವ ಇಬ್ಬರನ್ನು ಎದುರುಬದುರು ಕೂರಿಸಿದರೆ ಪುಟ ತಾನಾಗಿ ಓಡುತ್ತದೆ. ತೊಂದರೆ ಆಗುವುದು ಜಗಳದ ಕಾರಣದಲ್ಲಿ. ಕಾಲೇಜು ಕಾರಿಡಾರಿನಲ್ಲಿ ಡಿಕ್ಕಿ ಹೊಡೆದು ಪುಸ್ತಕ ಬೀಳಿಸಿದ, ಅದಕ್ಕೆ ಅವನನ್ನು ಕಂಡರಾಗದು ಎಂದು ಶುರುಮಾಡಿದರೆ ಹತ್ತನೇ ಪುಟಕ್ಕೆ ಸಿಟ್ಟು ಇಳಿದಿರುತ್ತದೆ. ಆಮೇಲೆ ಲೇಖಕರು ಬಲವಂತವಾಗಿ ಜಗಳ ತರಬೇಕಾಗುತ್ತದೆ.

ಜಾಹ್ನವಿ ಗೋದಾಮಿಗೆ ಹೋಗುತ್ತಾಳೆ. ದಾಸ್ತಾನು ಪುಸ್ತಕದಲ್ಲಿ ರಾಶಿ ಇಡಿ ಅಡಿಕೆ 212 ಚೀಲ. ಅವಳು ಎಣಿಸಿದಾಗ 171. "ಒಣಗಿದಾಗ ಕಮ್ಮಿ ಆಗತ್ತೆ ಮೇಡಂ" ಎನ್ನುತ್ತಾನೆ ರಘು, ಕಣ್ಣು ತಪ್ಪಿಸಿ. "ಒಣಗಿದರೆ ತೂಕ ಇಳಿಯತ್ತೆ. ಚೀಲದ ಸಂಖ್ಯೆ ಇಳಿಯಲ್ಲ" ಎನ್ನುತ್ತಾಳೆ ಅವಳು, ಪೆನ್ನಿನ ಕ್ಯಾಪು ತೆಗೆಯುತ್ತ. ಅವನಿಗೆ ಉತ್ತರ ಗೊತ್ತಿದೆ, ಹೇಳುವ ಹಾಗಿಲ್ಲ. ಆ ಚೀಲಗಳನ್ನು ಮಗಳ ಮದುವೆಯ ಸಾಲಕ್ಕೆಂದು ಸದ್ದಿಲ್ಲದೆ ಸಾಗಿಸಿದ್ದು ಹಿಂದಿನ ಕಾರ್ಯದರ್ಶಿ, ರಘುವನ್ನು ಓದಿಸಿದ ಮನುಷ್ಯ. ಈಗ ನೋಡಿ: ಅವಳು ಸರಿ, ಅವನೂ ಪೂರ್ತಿ ತಪ್ಪಲ್ಲ. ಹತ್ತು ನಿಮಿಷ ಮನಸ್ಸು ಬಿಚ್ಚಿ ಮಾತಾಡಿದರೆ ಗಂಟು ಬಿಚ್ಚುವುದಿರಲಿ, ಇನ್ನಷ್ಟು ಬಿಗಿಯುತ್ತದೆ, ಏಕೆಂದರೆ ನಿಜ ತಿಳಿದ ಕ್ಷಣದಿಂದ ಅವಳು ಅದನ್ನು ವರದಿಯಲ್ಲಿ ಬರೆಯಬೇಕು. ಜಗಳದ ಟ್ರೋಪಿಗೆ ಬೇಕಾದದ್ದು ಇಂಥದ್ದು. ಇಬ್ಬರೂ ಬಿಟ್ಟುಕೊಡಲಾಗದ ಎರಡು ನ್ಯಾಯಗಳು ಇರಬೇಕು, ಬರೀ ಸಿಡುಕು ಸಾಲದು.

ನಡು ಹೇಗಿರಬೇಕೆಂದು ಕಲಿಯಲು ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರಿಜುಡಿಸ್' ಈಗಲೂ ಒಳ್ಳೆಯ ಪಾಠ. ಅದರಲ್ಲಿ 61 ಅಧ್ಯಾಯ. ನಾಯಕ ಡಾರ್ಸಿ ಮೊದಲ ಸಲ ನಾಯಕಿ ಎಲಿಜಬೆತ್ ಬಳಿ ಮದುವೆಯ ಮಾತೆತ್ತಿ ಬೈಸಿಕೊಳ್ಳುವುದು 34ನೆಯದರಲ್ಲಿ, ಅಂದರೆ ಅರ್ಧ ದಾಟಿದ ಕೂಡಲೇ. ಮುಂದಿನ ಅಧ್ಯಾಯದಲ್ಲಿ ಅವನ ಪತ್ರ. ಜಗಳ ತುತ್ತತುದಿ ಮುಟ್ಟುವುದೂ, ಎಲಿಜಬೆತ್ ತನ್ನ ತೀರ್ಪನ್ನು ತಾನೇ ಮರುಪರಿಶೀಲಿಸಲು ಶುರುಮಾಡುವುದೂ ಒಂದರ ಬೆನ್ನಿಗೊಂದು, ಕಥೆಯ ನಟ್ಟನಡುವೆ. ಜಗಳವನ್ನು ಕೊನೆಯವರೆಗೂ ಎಳೆಯದೆ ನಡುವಿನಲ್ಲೇ ಒಡೆದು, ಉಳಿದರ್ಧವನ್ನು ಬದಲಾವಣೆಗೆ ಕೊಟ್ಟಿದ್ದಾಳೆ.

ಒಂದು ಎಚ್ಚರಿಕೆ. ನಾಯಕ ಅವಳನ್ನು ನಾಲ್ಕು ಜನರೆದುರು ಅವಮಾನಿಸುತ್ತಾನೆ, ಕೈ ಹಿಡಿದು ಎಳೆಯುತ್ತಾನೆ, ಅವಳು ಬೇಡವೆಂದರೂ ಹಿಂಬಾಲಿಸುತ್ತಾನೆ, ಅದೆಲ್ಲ "ಒಳಗೊಳಗೇ ಪ್ರೀತಿ" ಎಂದು ಆಮೇಲೆ ಬಿಡಿಸಿ ಹೇಳಲಾಗುತ್ತದೆ. ದಯವಿಟ್ಟು ಇದನ್ನು ಬರೆಯಬೇಡಿ. ಅಭಿಪ್ರಾಯಕ್ಕೆ ಎದುರಾಳಿ ಆಗುವುದು ಬೇರೆ, ಮನುಷ್ಯಳ ಘನತೆಗೆ ಎದುರಾಳಿ ಆಗುವುದು ಬೇರೆ. ಎರಡನೆಯದರಿಂದ ಹೊರಟ ಪ್ರೀತಿಯನ್ನು ನನ್ನಿಂದ ನಂಬಲು ಆಗಿಲ್ಲ.

ಮಾತು ಚೆನ್ನಾಗಿ ಬರೆಯುವವರಿಗೆ, ನಾಯಕ ನಾಯಕಿಯ ಕೆಲಸದ ಬಗ್ಗೆ ಗಟ್ಟಿಯಾಗಿ ಗೊತ್ತಿರುವವರಿಗೆ ಇದು ಸರಿ. ಉದ್ದಕ್ಕೂ ನಿಲ್ಲುತ್ತದೆ, ಚಿಕ್ಕದಕ್ಕೂ ಒಗ್ಗುತ್ತದೆ.

ಮದುವೆ ಮೊದಲು, ಪ್ರೀತಿ ಆಮೇಲೆ

ಕನ್ನಡದ ಮಣ್ಣಿನಲ್ಲಿ ಇದಕ್ಕಿಂತ ಚೆನ್ನಾಗಿ ಬೇರು ಬಿಡುವ ಟ್ರೋಪ್ ಇನ್ನೊಂದಿಲ್ಲ. ಮೂರನೆಯ ಅಳತೆಗೋಲನ್ನು ಇದು ಸಲೀಸಾಗಿ ದಾಟುತ್ತದೆ: ಇಬ್ಬರು ಅಪರಿಚಿತರನ್ನು ಒಂದೇ ಸೂರಿನಡಿ ತರಲು ನೆಪ ಹುಡುಕಬೇಕಿಲ್ಲ, ಮನೆಯವರೇ ತಂದು ಬಿಡುತ್ತಾರೆ. ಅಂಚೆಪೆಟ್ಟಿಗೆಯಷ್ಟು ಚಿಕ್ಕ ಅಡುಗೆಮನೆಯಲ್ಲಿ ಅವಳು ಮೊದಲ ಬೆಳಗ್ಗೆ ಉಪ್ಪಿನ ಡಬ್ಬಿ ಹುಡುಕುತ್ತಿದ್ದಾಳೆ. ಕೇಳಿದರೆ ಅತ್ತೆ ಎಚ್ಚರಾಗುತ್ತಾರೆ. ಅವನು ಬಾಗಿಲಲ್ಲಿ ನಿಂತು, ಮಾತಿಲ್ಲದೆ, ಮೇಲಿನ ಹಲಗೆಯಲ್ಲಿರುವ ಹಾರ್ಲಿಕ್ಸ್ ಬಾಟಲಿ ತೋರಿಸುತ್ತಾನೆ. ಈ ಮನೆಯಲ್ಲಿ ಉಪ್ಪು ಇರುವುದು ಅದರಲ್ಲಿ. ಇಂಥ ನೂರು ಸಣ್ಣ ಕ್ಷಣಗಳನ್ನು ಸೇರಿಸಲು ಬಲ್ಲವರಿಗೆ ಇದರ ನಡು ಎಂದೂ ಬರಿದಾಗದು. ಸ್ಲೋ ಬರ್ನ್, ಅಂದರೆ ನಿಧಾನವಾಗಿ ಹೊತ್ತಿಕೊಳ್ಳುವ ಪ್ರೀತಿ, ಇಷ್ಟಪಡುವ ಓದುಗರು ಕಾಯುವುದೂ ಇದಕ್ಕೇ.

ಕಷ್ಟ ಇರುವುದು ಗಂಟಿನಲ್ಲಿ. ಮದುವೆ ಆಗಿಹೋಗಿದೆ, ಊರು ಒಪ್ಪಿದೆ, ಕೋಣೆ ಒಂದೇ. ಇನ್ನು ತಡೆಯುತ್ತಿರುವುದು ಯಾರು? ಹೊರಗಿನ ಅಡ್ಡಿ ಇಲ್ಲದ ಕಾರಣ ಅಡ್ಡಿ ಪೂರ್ತಿ ಒಳಗಿನದಾಗಿರಬೇಕು. ಜಾಹ್ನವಿ ತಂದೆಯ ಕಾಯಿಲೆಗೆ ಹೆದರಿ ಒಪ್ಪಿದವಳು. ತನ್ನ ಜೀವನದ ದೊಡ್ಡ ನಿರ್ಧಾರವನ್ನು ತಾನು ತೆಗೆದುಕೊಳ್ಳಲಿಲ್ಲ ಎಂಬ ಸಿಟ್ಟು ಅವಳಿಗೆ ತನ್ನ ಮೇಲೆಯೇ ಇದೆ. ರಘು ಒಳ್ಳೆಯವನಾದಷ್ಟೂ ಆ ಸಿಟ್ಟು ಹೆಚ್ಚುತ್ತದೆ. ಹೀಗೊಂದು ಒಳಗಂಟು ಹೊಳೆಯದಿದ್ದರೆ ಈ ಟ್ರೋಪ್ ಹಿಡಿಯಬೇಡಿ, 'ಅವನಿಗೆ ಹಳೇ ಪ್ರೇಯಸಿ ಇದ್ದಳು' ಎಂಬ ಎರವಲು ಅಡ್ಡಿಗೆ ಹೋಗಿ ನಿಲ್ಲುತ್ತೀರಿ.

ಇದರದೇ ಇನ್ನೊಂದು ಕವಲು ಕಾಂಟ್ರಾಕ್ಟ್ ಮ್ಯಾರೇಜ್. ಆರು ತಿಂಗಳಿಗೆ ಮದುವೆ, ಆಮೇಲೆ ನೀನ್ಯಾರೋ ನಾನ್ಯಾರೋ. ಆ್ಯಪ್‌ಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಓದಿಸಿಕೊಂಡೂ ಹೋಗುತ್ತದೆ. ಆದರೆ ಕಾನೂನು ಗೊತ್ತಿರಲಿ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ತೀರಾ ಅಸಾಧಾರಣ ಸಂದರ್ಭ ಬಿಟ್ಟರೆ, ಮದುವೆಯಾದ ಒಂದು ವರ್ಷದೊಳಗೆ ವಿಚ್ಛೇದನದ ಅರ್ಜಿಯನ್ನೇ ಹಾಕುವಂತಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳ ಅವಧಿ. ಆ ಆರು ತಿಂಗಳನ್ನು ನ್ಯಾಯಾಲಯ ಬಿಟ್ಟುಕೊಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಆದರೂ ಕ್ಯಾಲೆಂಡರು ನೋಡಿ ಕಳಚಿಕೊಳ್ಳುವ ಮದುವೆ ನಮ್ಮಲ್ಲಿಲ್ಲ. ಇದನ್ನು ಅಡ್ಡಿ ಎಂದುಕೊಳ್ಳಬೇಡಿ, ಕಥೆಗೆ ಸಿಕ್ಕ ವರ ಇದು. ಆರು ತಿಂಗಳೆಂದು ಒಪ್ಪಿಕೊಂಡವರು ವಕೀಲರ ಕಚೇರಿಯ ಮರದ ಬೆಂಚಿನ ಮೇಲೆ ಕೂತು, ಇನ್ನೂ ಎಷ್ಟು ಕಾಯಬೇಕೆಂದು ತಿಳಿದು, ಇಬ್ಬರೂ ಬೇಸರ ನಟಿಸುತ್ತ ಒಳಗೆ ಹಗುರಾಗುವ ದೃಶ್ಯ ಯೋಚಿಸಿ. ನಡುವಿನ ಪುಟಗಳಿಗೆ ಅದಕ್ಕಿಂತ ಒಳ್ಳೆಯ ತಿರುವು ಬೇಕೆ?

ಇಲ್ಲಿಯ ಅಪಾಯ ಜಗಳದ ಟ್ರೋಪಿನದಕ್ಕಿಂತ ದೊಡ್ಡದು. ತಾಳಿಯನ್ನು ಒಪ್ಪಿಗೆಯೆಂದು ತಿಳಿಯುವ ನಾಯಕ, ಎಲ್ಲವನ್ನೂ ಸಹಿಸಿ ಕೊನೆಗೆ ಗಂಡನ ಪ್ರೀತಿಯನ್ನು ಬಹುಮಾನವಾಗಿ ಪಡೆಯುವ ನಾಯಕಿ, ಇಬ್ಬರೂ ಈ ದಾರಿಯಲ್ಲಿ ಕಾಯುತ್ತಿರುತ್ತಾರೆ. ನಮ್ಮ ಅಪರಾಧ ಕಾನೂನು ಅತ್ಯಾಚಾರದ ವ್ಯಾಖ್ಯೆಯಿಂದ ಗಂಡನನ್ನು ಇವತ್ತಿಗೂ ಹೊರಗಿಟ್ಟಿದೆ. ಆ ವಿನಾಯಿತಿಯನ್ನು ನಿಮ್ಮ ಕಾದಂಬರಿ ಕೊಡಬೇಕಾಗಿಲ್ಲ. ಮದುವೆಯ ನಂತರವೂ ಕೇಳಿ, ಕಾದು, ಇಲ್ಲವೆಂದರೆ ಎದ್ದು ಹೋಗುವ ನಾಯಕನಲ್ಲಿ ಎಷ್ಟು ಕಾತರವಿದೆ ಎಂದು ಬರೆದು ನೋಡಿದರೆ ತಿಳಿಯುತ್ತದೆ.

ಮನೆಯೊಳಗಿನ ವಿವರ, ಹೇಳದೆ ಉಳಿದ ಮಾತು, ನಿಧಾನ, ಇವು ನಿಮ್ಮ ಬಲವಾದರೆ ಇದನ್ನೇ ಹಿಡಿಯಿರಿ. ಹೊರಗಿನ ಸಂಶೋಧನೆ ಕಡಿಮೆ, ಧಾರಾವಾಹಿಗೆ ಹೇಳಿ ಮಾಡಿಸಿದ್ದು.

ಸುಳ್ಳು ನಿಶ್ಚಿತಾರ್ಥ

ಪಶ್ಚಿಮದವರ ಫೇಕ್ ಡೇಟಿಂಗ್ ನಮ್ಮಲ್ಲಿಗೆ ಬರುವಾಗ ಸುಳ್ಳು ನಿಶ್ಚಿತಾರ್ಥ ಆಗುವುದೇ ಹೆಚ್ಚು, ಅದು ನಮಗೆ ಲಾಭವೇ. "ಹುಡುಗ ಒಬ್ಬ ಇದ್ದಾನೆ" ಎಂದು ಜಾಹ್ನವಿ ಫೋನಿನಲ್ಲಿ ಒಂದು ಸುಳ್ಳು ಹೇಳಿದರೆ ಸಂಜೆಗೆ ಜಾತಕ ಕೇಳುತ್ತಾರೆ, ಮರುದಿನ ಫ್ಯಾಮಿಲಿ ಗ್ರೂಪಿನಲ್ಲಿ ಫೋಟೋ, ವಾರದೊಳಗೆ ಚಿಕ್ಕಪ್ಪ ಛತ್ರಕ್ಕೆ ಅಡ್ವಾನ್ಸ್ ಕೊಟ್ಟು ಬಂದಿರುತ್ತಾರೆ. ಸುಳ್ಳು ತಾನಾಗಿ ಬೆಳೆಯುತ್ತದೆ, ಗಡಿಯಾರ ತಾನಾಗಿ ಓಡುತ್ತದೆ. ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ಇರುವ ಕನ್ನಡಿಗರ ಕಥೆಯಾದರೆ, ಸಾಮಾನ್ಯವಾಗಿ ಆರು ತಿಂಗಳ ಮಟ್ಟಿಗೆ ಬರುವ ಅಪ್ಪ ಅಮ್ಮನ ವಾಸ್ತವ್ಯವೇ ಗಡುವು.

ಗಂಟು ಇಲ್ಲಿ ಮಧ್ಯಮ. ಇಬ್ಬರಿಗೂ ಪ್ರೀತಿ ಹುಟ್ಟಿದ ಮೇಲೆ ಹೇಳದಿರಲು ಇರುವ ಕಾರಣ, "ಇದೂ ನಾಟಕವೇ ಇರಬಹುದು" ಎಂಬ ಭಯ ಒಂದೇ. ಅದು 100 ಪುಟ ತಾಳುತ್ತದೆ, 300 ತಾಳುವುದಿಲ್ಲ. ನಗು ಬರೆಯಲು ಬರುವವರು, ದೊಡ್ಡ ಕುಟುಂಬದ ಗದ್ದಲವನ್ನು ಪಾತ್ರಗಳಾಗಿ ಬಿಡಿಸಬಲ್ಲವರು, ಎರಡು ಮೂರು ತಿಂಗಳಲ್ಲಿ ಒಂದು ಕೃತಿ ಮುಗಿಸಲೇಬೇಕೆನ್ನುವವರು ಇದನ್ನು ನೋಡಿ. ಸುಳ್ಳು ಬಯಲಾದಾಗ ಅಜ್ಜಿಗೆ ಆಗುವ ನೋವನ್ನು ಮಾತ್ರ ನಗೆಯಲ್ಲಿ ತೇಲಿಸಬೇಡಿ. ಕ್ಷಮೆ ಕೇಳುವ ದೃಶ್ಯ ಇರಲೇಬೇಕು.

ಗೆಳೆತನದಿಂದ ಪ್ರೀತಿ

ಓದಲು ಹಿತ, ಬರೆಯಲು ಮೋಸಗೊಳಿಸುವಷ್ಟು ಕಷ್ಟ. ಗೆಳೆತನ ಕೆಡಬಹುದೆಂಬ ಭಯವೇ ಗಂಟು, ಅದು ಹತ್ತು ನಿಮಿಷದ ಪರೀಕ್ಷೆಯಲ್ಲಿ ಬೇಗ ಸೋಲುತ್ತದೆ. ಮೊದಲ ಕಾದಂಬರಿಗೆ ನಾನು ಇದನ್ನು ಹೇಳುವುದಿಲ್ಲ. ಇಪ್ಪತ್ತು ಮೂವತ್ತು ಪುಟದ ನೀಳ್ಗತೆಗೆ ಮಾತ್ರ ಚೆನ್ನ.

ಎರಡನೇ ಅವಕಾಶ

ನನ್ನ ಒಲವು ಯಾವುದರ ಕಡೆ ಎಂದು ಮುಚ್ಚಿಡುವುದಿಲ್ಲ. ಇದರ ಕಡೆಗೇ. ಹಿಂದೊಮ್ಮೆ ಪ್ರೀತಿಸಿ ಅಗಲಿದವರು ಮತ್ತೆ ಎದುರಾಗುತ್ತಾರೆ. ಪರಿಚಯಕ್ಕೆ ಪುಟ ಖರ್ಚಾಗುವುದಿಲ್ಲ, ಮೊದಲ ಸಾಲಿನಲ್ಲೇ ಭಾರವಿರುತ್ತದೆ. ಜಾಹ್ನವಿ ಗೋದಾಮಿನ ಬಾಗಿಲಲ್ಲಿ ನಿಂತು ಕಾರ್ಯದರ್ಶಿಯ ಹೆಸರು ಕೇಳಿದಾಗ, ಏಳು ವರ್ಷದ ಹಿಂದೆ ಹರಕೆಯಂತೆ ದಿನಾ ಕರೆಯುತ್ತಿದ್ದ ಹೆಸರನ್ನು ಯಾರೋ ಗುಮಾಸ್ತ ಹೇಳುತ್ತಾನೆ. ಅಷ್ಟು ಸಾಕು.

ಇಡೀ ಕಟ್ಟಡ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಅಂದು ಯಾಕೆ ಅಗಲಿದರು? ಕಾರಣ ಹಗುರವಾದರೆ "ಇಷ್ಟಕ್ಕೇ ಏಳು ವರ್ಷವೇ?" ಎನ್ನಿಸುತ್ತದೆ. ತೀರಾ ಕ್ರೂರವಾದರೆ "ಇವನ ಹತ್ತಿರ ವಾಪಸ್ ಯಾಕೆ ಹೋಗಬೇಕು?" ಎನ್ನಿಸುತ್ತದೆ. ಇವೆರಡರ ನಡುವಿನ ಕಿರಿದಾದ ಜಾಗ ಹುಡುಕುವುದು ಎಂಥ ಕಸುಬು ಎಂದು ಕಾಳಿದಾಸನಲ್ಲಿ ನೋಡಬಹುದು. ಮಹಾಭಾರತದ ದುಷ್ಯಂತನಿಗೆ ಶಕುಂತಲೆ ಚೆನ್ನಾಗಿ ನೆನಪಿದ್ದಾಳೆ. ತುಂಬಿದ ಸಭೆಯಲ್ಲಿ ಗೊತ್ತಿದ್ದೂ ಗೊತ್ತಿಲ್ಲವೆನ್ನುತ್ತಾನೆ, ಅಶರೀರವಾಣಿ ಆದ ಮೇಲೆ ಒಪ್ಪುತ್ತಾನೆ. ಆ ದುಷ್ಯಂತನನ್ನು ಪ್ರೇಮನಾಟಕದ ನಾಯಕನನ್ನಾಗಿ ಮಾಡಲು ಬರುವುದಿಲ್ಲ. ಕಾಳಿದಾಸ ದೂರ್ವಾಸರ ಶಾಪ ತಂದ, ಉಂಗುರ ತಂದ. ಮರೆವು ಅವನ ಕೈಮೀರಿದ್ದಾಯಿತು, ಆದರೆ ಉಂಗುರ ಸಿಕ್ಕಿದ ಮೇಲಿನ ಪಶ್ಚಾತ್ತಾಪ ಪೂರ್ತಿ ಅವನದೇ ಆಯಿತು. ಆರನೆಯ ಅಂಕದ ಬಹುಪಾಲು ಆ ಬೇಗುದಿಗೆ ಮೀಸಲು. ಸೆಕೆಂಡ್ ಚಾನ್ಸ್ ಬರೆಯುವವರು ಕ್ಷಮೆಯ ದೃಶ್ಯಕ್ಕೆ ಅವಸರಪಡುವ ಮೊದಲು ಆ ಅಂಕ ಓದಿಬಿಡಲಿ.

ಶಾಪ ಉಂಗುರಗಳಿಲ್ಲದೆ ಅದನ್ನೇ ಸಾಧಿಸಿದ್ದು ಆಸ್ಟೆನ್ನಳ ಕೊನೆಯ ಕಾದಂಬರಿ 'ಪರ್ಸುಏಷನ್'. 19ನೇ ವಯಸ್ಸಿನಲ್ಲಿ ನಾಯಕಿ ಆನ್ ಹಿರಿಯರ ಬುದ್ಧಿಮಾತಿಗೆ ಮಣಿದು ವೆಂಟ್‌ವರ್ತ್‌ನನ್ನು ಬಿಟ್ಟಳು, ಈಗ ಅವಳಿಗೆ 27. ಮಾತು ಹೇಳಿದವರು ಕೆಟ್ಟವರಲ್ಲ, ಒಪ್ಪಿಕೊಂಡವಳೂ ಹೇಡಿಯಲ್ಲ. ನಮ್ಮ ಮನೆಗಳಲ್ಲಿ ಇದಕ್ಕಿಂತ ಪರಿಚಿತವಾದ ಅಗಲಿಕೆ ಯಾವುದಿದೆ?

ಅವಕಾಶ ಕೊಡದಿರುವುದೂ ಒಂದು ದಾರಿ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ ತೆರೆಗೆ ತಂದ 'ಬೆಳ್ಳಿಮೋಡ'ದಲ್ಲಿ, ಆಸ್ತಿ ತಪ್ಪುತ್ತದೆಂದು ನಿಶ್ಚಯ ಮುರಿದ ಮೋಹನ್ ಪಶ್ಚಾತ್ತಾಪದಿಂದ ಮರಳಿ ಕೇಳಿದಾಗ ಇಂದಿರಾ ಒಪ್ಪುವುದಿಲ್ಲ. ಕೆಲವು ಕಾರಣಗಳಿಗೆ ಎರಡನೇ ಅವಕಾಶ ಸಲ್ಲದು ಎಂದು ಕನ್ನಡದ ಪ್ರೇಕ್ಷಕರು ಆಗಲೇ ಒಪ್ಪಿದ್ದರು. ನಿಮ್ಮ ನಾಯಕ ಅಗಲಿದ್ದು ಹಣಕ್ಕಾಗಿಯೇ ಆದರೆ, ಎಚ್‌ಇಎ ತಲುಪಲು ಬಹಳ ದೂರ ನಡೆಯಬೇಕಾಗುತ್ತದೆಂದು ತಿಳಿದೇ ಹೊರಡಿ.

ಬಜೆಟ್ಟಿನಲ್ಲಿ ಇದು ದುಬಾರಿ. ಎರಡು ಕಾಲಗಳನ್ನು ಒಟ್ಟಿಗೆ ಹೆಣೆಯಬೇಕು. ಹಿಂದಿನದನ್ನು ಎಷ್ಟು, ಯಾವಾಗ ಬಿಚ್ಚುವುದೆಂದು ಬರೆಯುವ ಮೊದಲೇ ತೀರ್ಮಾನಿಸಬೇಕು. ವಾರಕ್ಕೊಂದು ಭಾಗ ಹಾಕುತ್ತ, ಮುಂದೇನೆಂದು ಬರೆಯುತ್ತಲೇ ಕಂಡುಕೊಳ್ಳುವವರಿಗೆ ಅರ್ಧದಲ್ಲಿ ಸಿಕ್ಕಿಕೊಳ್ಳುವ ಭಯವಿದೆ, ಏಕೆಂದರೆ ಐದನೇ ಭಾಗದಲ್ಲಿ ಹೇಳಿಬಿಟ್ಟ ಹಿಂದಿನ ಕಥೆಯನ್ನು ಮೂವತ್ತನೆಯದರಲ್ಲಿ ತಿದ್ದಲಾಗದು. ಮೊದಲು ಪೂರ್ತಿ ಬರೆದು ಆಮೇಲೆ ಪ್ರಕಟಿಸುವ ತಾಳ್ಮೆ ಇದ್ದರೆ ಇದು ಕೊಡುವ ಫಲ ಬೇರೆ ಯಾವುದೂ ಕೊಡುವುದಿಲ್ಲ. ಮೂವತ್ತು ನಲವತ್ತು ದಾಟಿದ ನಾಯಕಿಯರಿಗೆ, ವಿಚ್ಛೇದಿತರಿಗೆ, ಮಕ್ಕಳಿರುವವರಿಗೆ ಪ್ರೇಮದಲ್ಲಿ ಜಾಗ ಮಾಡಿಕೊಡುವ ಟ್ರೋಪೂ ಇದೇ, ಅದಕ್ಕಾಗಿಯೂ ನನಗೆ ಇದರ ಮೇಲೆ ಗೌರವ.

ಬಾಸ್, ಬಂಗಲೆ, ಜಾತಿ

ಸಿಇಒ ನಾಯಕ, ಪಿಎ ನಾಯಕಿ. ಹಂಬಲ ಅರ್ಥವಾಗುತ್ತದೆ: ಇಎಂಐ, ಬಾಡಿಗೆಗಳ ನಡುವೆ ಓದುವವರಿಗೆ ಹಣದ ಚಿಂತೆಯಿಲ್ಲದ ಲೋಕವೂ ಒಂದು ಸುಖ. ಆದರೆ ಸಂಬಳ ಕೊಡುವವನಿಗೆ ಇಲ್ಲವೆನ್ನುವುದು ಸುಲಭವಲ್ಲ. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ನಿಮ್ಮ ಸಿಇಒ ಕ್ಯಾಬಿನ್ನಿನಲ್ಲಿ ಮಾಡುವುದೆಲ್ಲ ಆ ಸಮಿತಿಯ ಮುಂದೆ ಹೇಗೆ ಕೇಳಿಸುತ್ತದೆಂದು ಯೋಚಿಸಿ. ಕಂಪನಿ ಹೇಗೆ ನಡೆಯುತ್ತದೆಂದು ಗೊತ್ತಿಲ್ಲದಿದ್ದರೆ ನಡು ಬರೀ ಕಾರು, ಕೋಟುಗಳಾಗಿಬಿಡುತ್ತದೆ.

ಇನ್ನು ಅಂತಸ್ತಿನ ಅಂತರ ಎಂದು ನಾವು ಬರೆಯುವುದರ ಕೆಳಗೆ ಬಹಳ ಸಲ ಇರುವುದು ಜಾತಿ. ಅದನ್ನು ಹೆಸರಿಟ್ಟು ಬರೆಯುವ ಧೈರ್ಯವಿದ್ದರೆ, ಇದಕ್ಕಿಂತ ಬಿಗಿಯಾದ ಗಂಟು ಕನ್ನಡದಲ್ಲಿ ಇನ್ನೊಂದು ಸಿಗದು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆ ಕಲ್ಯಾಣವನ್ನೇ ಅಲ್ಲಾಡಿಸಿತೆಂಬ ನೆನಪನ್ನು ಎಂಟು ಶತಮಾನದಿಂದ ಹೊತ್ತು ತಂದ ನಾಡು ಇದು. ಕಥೆಯ ಗಡಿಯಾರವೂ ಸಿದ್ಧವಿದೆ: 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕಾದರೆ ಅಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ನೋಟಿಸು ಅಂಟಿಸಿ 30 ದಿನ ಕಾಯಬೇಕು. ರಘುವಿನ ದೊಡ್ಡಪ್ಪ ಯಾವುದೋ ಪಹಣಿ ಕೆಲಸಕ್ಕೆ ಬಂದು ಆ ಫಲಕದ ಮುಂದೆ ನಿಲ್ಲುವ ಸಾಧ್ಯತೆ ಪ್ರತಿದಿನವೂ ಇದೆ. ಆದರೆ ಕೊನೆಯ ಪುಟದಲ್ಲಿ ಅಪ್ಪ ಕಣ್ಣೊರೆಸಿಕೊಂಡು "ಆಯ್ತು ಮಗಳೇ" ಎಂದರೆ ಆ ಗಂಟು ಬಿಚ್ಚುವುದಿಲ್ಲ. ಒಪ್ಪದ ಅಪ್ಪ ಒಪ್ಪದೆಯೇ ಉಳಿದು, ಇಬ್ಬರೂ ಸುಖವಾಗಿರುವ ಕೊನೆಯೂ ಎಚ್‌ಇಎ ಆಗಬಲ್ಲದು. ಹತ್ತಿರದಿಂದ ಬಲ್ಲವರು ಮಾತ್ರ ಇದನ್ನು ಎತ್ತಿಕೊಳ್ಳಲಿ, ಮಿಕ್ಕವರು ಎರಡನೇ ಕಾದಂಬರಿಗೆ ಇಟ್ಟುಕೊಳ್ಳಲಿ.

ತ್ರಿಕೋನ ಪ್ರೇಮವನ್ನು ಬೇಕೆಂದೇ ಬಿಟ್ಟಿದ್ದೇನೆ. ಮೂರನೆಯವರನ್ನು ನ್ಯಾಯವಾಗಿ ನಡೆಸಿಕೊಳ್ಳಲು ಬೇಕಾದ ಪುಟಗಳು ಮೊದಲ ಕೃತಿಯಲ್ಲಿ ಸಿಗುವುದಿಲ್ಲ. ಮಳೆಗೆ ಸಿಕ್ಕು ಒಂದೇ ಕೋಣೆಯಲ್ಲಿ ಉಳಿಯುವುದು, ಬಸ್ಸು ಕೆಟ್ಟು ಘಾಟಿಯಲ್ಲಿ ರಾತ್ರಿ ಕಳೆಯುವುದು ಮೇಲಿನ ಯಾವುದರೊಳಗಾದರೂ ಸೇರುವ ದೃಶ್ಯಗಳು, ಬೆನ್ನೆಲುಬಲ್ಲ. ಟ್ರೋಪುಗಳನ್ನು ಬೆರೆಸಬಹುದೇ ಎಂದು ಕೇಳುತ್ತಾರೆ: ಬೆನ್ನೆಲುಬಿಗೆ ಒಂದು, ಜೊತೆಗೆ ಒಂದು. ಮೂರನೆಯದು ಬಂದರೆ ಯಾವ ಗಂಟನ್ನೂ ಸರಿಯಾಗಿ ಬಿಚ್ಚಲಾಗದು.

ಹಾಗಾದರೆ ಯಾರಿಗೆ ಯಾವುದು

ನೌಕರಿ, ಮನೆ ಎರಡೂ ನೋಡಿಕೊಂಡು ವಾರಕ್ಕೆ ಮೂರು ನಾಲ್ಕು ಗಂಟೆ ಮಾತ್ರ ಸಿಗುವವರು, ಭಾಗಭಾಗವಾಗಿ ಹಾಕುವವರು, 'ಮದುವೆ ಮೊದಲು, ಪ್ರೀತಿ ಆಮೇಲೆ' ಹಿಡಿದರೆ ಕೈಬಿಡದು. ಬಿಟ್ಟು ಹಿಡಿದರೂ ಎಳೆ ಸಿಗುತ್ತದೆ. ಒಂದು ವೃತ್ತಿಯನ್ನು ಒಳಹೊಕ್ಕು ಬಲ್ಲವರು, ಬ್ಯಾಂಕೋ ಆಸ್ಪತ್ರೆಯೋ ಅಡಿಕೆ ಮಂಡಿಯೋ, ಜಗಳದಿಂದ ಪ್ರೀತಿಗೆ ಹೋಗಲಿ. ಸಂಶೋಧನೆಯ ಖರ್ಚಿಲ್ಲ, ಜಗಳಕ್ಕೆ ನಿಜವಾದ ಕಾರಣ ಸಿಗುತ್ತದೆ. ಬೇಗ ಒಂದು ಮುಗಿಸಿದ ಧೈರ್ಯ ಬೇಕಿದ್ದರೆ ಸುಳ್ಳು ನಿಶ್ಚಿತಾರ್ಥ. ವರ್ಷವಾದರೂ ಸರಿ, ಅಚ್ಚಾಗುವ ಪುಸ್ತಕವೇ ಬೇಕೆನ್ನುವವರಿಗೆ ಸೆಕೆಂಡ್ ಚಾನ್ಸ್.

ಎರಡರ ನಡುವೆ ಇನ್ನೂ ತೂಗುತ್ತಿದ್ದರೆ, ಮೊದಲ ಅಧ್ಯಾಯ ಬರೆಯಬೇಡಿ. ಎರಡೂ ಟ್ರೋಪುಗಳ ನಟ್ಟನಡುವಿನ ಒಂದೊಂದು ದೃಶ್ಯ ಬರೆಯಿರಿ, ನಾಲ್ಕು ನಾಲ್ಕು ಪುಟ. ಜಗಳವೂ ಇಲ್ಲದ, ಮುತ್ತೂ ಇಲ್ಲದ ಒಂದು ಮಾಮೂಲಿ ಮಂಗಳವಾರ: ಜಾಹ್ನವಿ ರಿಜಿಸ್ಟರು ತಿರುವುತ್ತಿದ್ದಾಳೆ, ರಘು ಚಹಾ ತಂದಿಟ್ಟಿದ್ದಾನೆ. ಎರಡು ದಿನ ಬಿಟ್ಟು ಎರಡನ್ನೂ ಗಟ್ಟಿಯಾಗಿ ಓದಿ. ಯಾವುದರಲ್ಲಿ ಚಹಾ ಆರಿಹೋಗುವ ಮೊದಲೇ ಬುಧವಾರ ಏನಾಗುತ್ತದೆಂದು ನಿಮಗೆ ಹೊಳೆಯಿತೋ, ಅದನ್ನು ಮುಂದುವರಿಸಿ.